ಮಳೆಯ ರೇಸು, ಖಾಲಿ ಟ್ಯಾಂಕು

ಆ ಭಾನುವಾರ ದೊಮ್ಮಲೂರಿನಾಚೆಯ ಹಳೆಯ ವಿಮಾನಪಟ್ಟಿಯ ಅಂಚಿನಲ್ಲಿ, ಸೋರುವ ಶಾಮಿಯಾನದ ಕೆಳಗೆ, ಒಂದು ಮಡಚುವ ಮೇಜಿನ ಸುತ್ತ ನಾವು ನಾಲ್ಕು ಜನ ಇದ್ದೆವು. ಒಬ್ಬರು ನಮ್ಮ ಸಾಹೇಬರು. ಕೃಷ್ಣರಾಜಪುರದ ಕಡೆಯ ಒಂದು ಕಾರ್ಖಾನೆಯಲ್ಲಿ, ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಬೇಕು ಎಂದು ಸ್ಟಾಪ್‌ವಾಚು ಹಿಡಿದು ಅಳೆಯುವ ವಿಭಾಗದ ಮುಖ್ಯಸ್ಥರು. ಇನ್ನೊಬ್ಬ ನಾನು, ಅದೇ ವಿಭಾಗದಲ್ಲಿ ಅವರ ಕೈಕೆಳಗಿನ ಗುಮಾಸ್ತ. ಮೂರನೆಯವನು ಕಂಟೋನ್ಮೆಂಟಿನ ಶ್ರೀಮಂತರೊಬ್ಬರ ಮಗ, ರೇಸಿಗೆ ಸ್ವಂತ ಕಾರು ತಂದವನು. ನಾಲ್ಕನೆಯವರು ನಮ್ಮ ಕಾರ್ಖಾನೆಯ ಫೈರ್ ಇಂಜಿನ್ ಓಡಿಸುವ ಡ್ರೈವರು. ಮನೆ ಮರ್ಫಿ ಟೌನಿನಲ್ಲಿ. ರಜೆಯ ದಿನ ಆ ಶ್ರೀಮಂತರ ಮಗನ ಕಾರಿನ ಕಾರ್ಬ್ಯುರೇಟರ್ ಸರಿಮಾಡಿಕೊಡುವುದು ಅವರ ಹವ್ಯಾಸವಾಗಿತ್ತು.

ಸ್ಟಾಪ್‌ವಾಚಿನವರಿಗೆ ಕಾರು ರೇಸಿನಲ್ಲಿ ಏನು ಕೆಲಸ ಎಂದು ಕೇಳಬಹುದು. ಎಪ್ಪತ್ತರ ದಶಕದ ಆ ಮೊದಲ ವರ್ಷಗಳಲ್ಲಿ ಸೆಕೆಂಡನ್ನು ಸೀಳಿ ತೋರಿಸುವ ಗಡಿಯಾರ ಊರಿನಲ್ಲಿ ಸುಲಭಕ್ಕೆ ಸಿಗುತ್ತಿರಲಿಲ್ಲ. ನಮ್ಮ ವಿಭಾಗದಲ್ಲಿ ನಾಲ್ಕಿದ್ದವು. ರೇಸು ನಡೆಸುವ ದೊಡ್ಡ ಮನುಷ್ಯರು ಗಡಿಯಾರ ಕೇಳಿಕೊಂಡು ಬಂದರು, ಗಡಿಯಾರದ ಜೊತೆ ನಮ್ಮ ಸಾಹೇಬರೂ ಹೋದರು. ಅದಕ್ಕೆಂದೇ ಒಂದು ಹ್ಯಾಟು ಕೊಂಡರು. ಕಾರ್ಖಾನೆಯಲ್ಲಿ ಅವರು ಬೆನ್ನ ಹಿಂದೆ ಬಂದು ನಿಂತರೆ ಲೇತಿನವನು ಉಗುಳು ನುಂಗುತ್ತಿದ್ದ. ಇಲ್ಲಿ ಸೆಂಟು ಹಾಕಿಕೊಂಡ ಹೆಂಗಸರು ಬಂದು ಎಷ್ಟಾಯಿತು ಎಂದು ಕೇಳುತ್ತಿದ್ದರು. ಮನುಷ್ಯ ಕೊಬ್ಬುವುದಕ್ಕೆ ಇಷ್ಟು ಸಾಕು.

ಆದರೆ ಆವತ್ತು ನಾನು ಡ್ರೈವರ ಕಣ್ಣು ತಪ್ಪಿಸಿಕೊಂಡು ಕೂತಿದ್ದೆ. ಅದಕ್ಕೆ ಕಾರಣ ಹಿಂದಿನ ವಾರ ನಾನೇ ನನ್ನ ಕೈಯಾರೆ ಡ್ರೈವರಿಗೆ ತಲುಪಿಸಿದ್ದ ಒಂದು ಮೆಮೋ.

ನಮ್ಮ ಕಾರ್ಖಾನೆಯ ಹಿಂದಿನ ಮೂಲೆಯಲ್ಲಿ ಬಣ್ಣ ಹಾಕುವ ಶೆಡ್ ಇತ್ತು. ಬೆಂಕಿ ಬಿದ್ದರೆ ಅಲ್ಲೇ ಬೀಳಬೇಕು, ಅಷ್ಟು ತಿನ್ನರ್ ಡಬ್ಬಗಳು ಇರುತ್ತಿದ್ದವು. ಮುಂದಿನ ಗೇಟಿನಿಂದ ಆ ಶೆಡ್ಡಿಗೆ ಫೈರ್ ಇಂಜಿನ್ ಎರಡು ನಿಮಿಷದಲ್ಲಿ ತಲುಪಬೇಕು ಎಂದು ನಮ್ಮ ವಿಭಾಗ ಗೊತ್ತುಮಾಡಿತ್ತು. ಮಳೆಗಾಲದ ಕವಾಯತಿನಲ್ಲಿ ಈ ಡ್ರೈವರು ಪ್ರತಿ ಸಲವೂ ಅರ್ಧ ನಿಮಿಷ ಹೆಚ್ಚು ತೆಗೆದುಕೊಂಡರು. ಸಮಜಾಯಿಷಿ ಕೊಡಿ, ಇಲ್ಲದಿದ್ದರೆ ಫೈರ್ ಇಂಜಿನ್ನಿನಿಂದ ತೆಗೆದು ಉಗ್ರಾಣದ ಲಾರಿಗೆ ಹಾಕಲಾಗುವುದು ಎಂದು ಮೆಮೋ ಹೋಯಿತು. ಲಾರಿಗೆ ಹಾಕಿದರೆ ಸಂಬಳವೇನೂ ಕಡಿಮೆಯಾಗುತ್ತಿರಲಿಲ್ಲ, ಮಾನ ಹೋಗುತ್ತಿತ್ತು. ಆ ಗಾಡಿ ತೊಳೆಯುವ ಕೆಲಸಕ್ಕೆ ಸೇರಿ, ಅದರ ಸ್ಟೀರಿಂಗ್ ಹಿಡಿಯುವ ಮಟ್ಟಕ್ಕೆ ಬಂದವರು ಅವರು. ಅವರ ಬೀದಿಯ ಮಕ್ಕಳೆಲ್ಲ ಅವರನ್ನು ಫೈರ್ ಮಾಮ ಎಂದೇ ಕರೆಯುತ್ತಿದ್ದರು.

ಮೆಮೋ ಓದಿಸಿಕೊಂಡು ಅವರು ಅಂದಿದ್ದು ಇಷ್ಟು: "ಸಾರ್, ಕ್ಯಾಂಟೀನ್ ತಿರುವಿನಲ್ಲಿ ಮಳೆ ಬಿದ್ರೆ ಸೋಪು ಹಚ್ಚಿದಂಗಿರುತ್ತೆ. ಗಾಡಿ ತಿರುಗುತ್ತೆ, ಒಳಗಿರೋ ನೀರು ತಿರುಗಲ್ಲ. ಎರಡೂ ಜಗಳ ಆಡ್ತವೆ. ಆ ಜಗಳ ಬಿಡ್ಸೋಕೆ ನಂಗೆ ಅರ್ಧ ನಿಮಿಷ ಬೇಕು. ಇದನ್ನ ಇಂಗ್ಲಿಷಲ್ಲಿ ಹೆಂಗೆ ಬರೀತಾರೆ?"

ನಾನು ಬರೆದುಕೊಟ್ಟೆ. ಬರೆಯಬೇಕಾಗಿದ್ದ ಮುಖ್ಯ ಮಾತನ್ನು ಮಾತ್ರ ಬರೆಯಲಿಲ್ಲ. ಆ ಎರಡು ನಿಮಿಷದ ಲೆಕ್ಕ ತೆಗೆದ ದಿನ ಗಡಿಯಾರ ಹಿಡಿದು ನಿಂತಿದ್ದವನು ನಾನೇ. ಅದು ಬಿರುಬೇಸಿಗೆ. ಆಗ ಗಾಡಿ ಓಡಿಸಿದವರು ಹಿಂದಿನ ಡ್ರೈವರು, ಆಮೇಲೆ ನಿವೃತ್ತರಾಗಿ ಊರಿಗೆ ಹೋದರು. ಟ್ಯಾಂಕಿನ ಒಳಗೆ ತುಕ್ಕು ಕೆರೆಯಲೆಂದು ನೀರೆಲ್ಲ ಖಾಲಿ ಮಾಡಿದ್ದರು. ತುಂಬಿಸಿ ಮತ್ತೆ ಓಡಿಸಬೇಕಾದರೆ ಒಂದು ಗಂಟೆ ಹಿಡಿಯುತ್ತಿತ್ತು. ಸಾಹೇಬರ ಊಟದ ಡಬ್ಬಿ ಬಂದಿತ್ತು. "ನೀರು ಇದ್ರೇನು ಇಲ್ದಿದ್ರೇನು, ದೂರ ಅಷ್ಟೇ ತಾನೆ? ಬರ್ಕೊಳ್ಳಯ್ಯ" ಎಂದರು. ನಾನು ಬರೆದುಕೊಂಡೆ. ನಮ್ಮಜ್ಜಿ ನನ್ನಂಥವರನ್ನು ಬೆನ್ನಿಗೆ ಮೂಳೆ ಇಲ್ಲದ ಗಂಡಸರು ಎನ್ನುತ್ತಿದ್ದಳು. ಆ ವಾರವೆಲ್ಲ ಅವಳ ಮಾತು ಕಿವಿಯಲ್ಲೇ ಇತ್ತು.

ಈಗ ರೇಸಿನ ವಿಷಯ. ಬೆಳಿಗ್ಗೆ ಬಿಸಿಲಿತ್ತು. ಹನ್ನೆರಡು ಕಾರುಗಳ ಹನ್ನೆರಡು ಒಡೆಯರು ಬಿಳಿ ಬಟ್ಟೆ ತೊಟ್ಟು, ಕನ್ನಡಕವನ್ನು ಹಣೆಗೇರಿಸಿಕೊಂಡು, ಯುದ್ಧಕ್ಕೆ ಹೊರಟವರ ಹಾಗೆ ಓಡಾಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಹಲಸೂರಿನ ಕಡೆಯಿಂದ ಮೋಡ ಬಂದು ಒಂದೇ ಸಮನೆ ಸುರಿಯತೊಡಗಿತು. ಆಗ ನೋಡಬೇಕಾಗಿತ್ತು ಆ ವೀರರನ್ನು. ಒಬ್ಬನಿಗೆ ತಟ್ಟನೆ ಮದುವೆ ಮನೆಯೊಂದು ನೆನಪಾಯಿತು. ಒಬ್ಬನ ಕಾರಿಗೆ ಕಾಯಿಲೆ ಬಂತು. ಇನ್ನೊಬ್ಬ ತನ್ನ ತಾಯಿಗೆ ಮಾತು ಕೊಟ್ಟಿದ್ದೇನೆ ಎಂದ. ಏನೆಂದು ಮಾತ್ರ ಹೇಳಲಿಲ್ಲ. ನಮ್ಮ ಮೇಜಿನ ಬಳಿ ಇದ್ದ ಶ್ರೀಮಂತರ ಮಗ ಎರಡು ಬೆರಳಿನಿಂದ ಕಣ್ಣೊತ್ತಿಕೊಂಡು, "ನಂಗೆ ತಲೆ ಸಿಡೀತಿದೆ ಮ್ಯಾನ್. ಡ್ರೈವರ್, ನೀನು ಓಡಿಸು. ಎಂಟ್ರಿ ಮಾತ್ರ ನನ್ನ ಹೆಸರಲ್ಲೇ ಇರ್ಲಿ" ಎಂದ.

ಸಾಹೇಬರು ಹ್ಯಾಟು ಸರಿಮಾಡಿಕೊಂಡು ನಕ್ಕರು. "ಇವನಾ? ಕಾರ್ಖಾನೆ ಒಳಗೇ ಇವನು ಟೈಮಿಗೆ ತಲುಪಲ್ಲ."

"ನೋಡೋಣ ಬಿಡಿ ಸಾರ್" ಎಂದರು ಡ್ರೈವರು.

ಅವರು ಮೊದಲು ಮಾಡಿದ್ದು ಚಪ್ಪಲಿ ಬಿಚ್ಚಿ ನಮ್ಮ ಮೇಜಿನ ಕೆಳಗೆ ಇಟ್ಟಿದ್ದು. ಆಮೇಲೆ ಜೇಬಿನಿಂದ ನಾಲ್ಕು ಬೀಡಿ ತೆಗೆದು, ದಾರ ಕಿತ್ತು, ಒಳಗಿನ ಹೊಗೆಸೊಪ್ಪನ್ನು ಒದ್ದೆ ಗಾಜಿಗೆ ಚೆನ್ನಾಗಿ ಉಜ್ಜಿದರು. ಹಾಗೆ ಉಜ್ಜಿದರೆ ಗಾಜಿನ ಮೇಲೆ ಹನಿ ನಿಲ್ಲುವುದಿಲ್ಲ, ಜಾರಿ ಹೋಗುತ್ತದೆ. ಆ ಕಾರಿನ ವೈಪರು ಇದ್ದೂ ಸತ್ತ ಹಾಗೆ. "ಬರಿಗಾಲಲ್ಲಿ ಯಾಕೆ?" ಎಂದು ನಾನು ಕೇಳಿದೆ. "ಬ್ರೇಕು ತುಳಿಯೋದಲ್ಲ ಸಾರ್, ಕೇಳ್ಕೊಳ್ಳೋದು. ಚಪ್ಪಲಿ ಹಾಕ್ಕೊಂಡ್ರೆ ಅದು ಹೇಳಿದ್ದು ಕಾಲಿಗೆ ಕೇಳ್ಸಲ್ಲ."

ಈಗ ನನ್ನ ಮೊಮ್ಮಗನ ಕಾರಿನಲ್ಲಿ ಕೂತರೆ ಈ ಮಾತಿಗೆ ಅರ್ಥವೇ ಇಲ್ಲ. ಚಕ್ರ ಜಾರುವ ಮೊದಲೇ ಒಳಗಿನ ಯಂತ್ರಕ್ಕೆ ಗೊತ್ತಾಗುತ್ತದಂತೆ, ಅದೇ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುತ್ತದಂತೆ. ಕೊಬ್ಬರಿ ಎಣ್ಣೆ ಚೆಲ್ಲಿದ ರಸ್ತೆಯಲ್ಲೂ ಅವನು ಒಂದು ಕೈಯಲ್ಲಿ ಫೋನು ಹಿಡಿದು ಓಡಿಸುತ್ತಾನೆ, ಇಳಿದ ಮೇಲೆ ತಾನೇ ಓಡಿಸಿದೆ ಎಂದುಕೊಳ್ಳುತ್ತಾನೆ. ಅಂದುಕೊಳ್ಳಲಿ. ಆಗಿನ ಕಾರಿನಲ್ಲಿ ಯೋಚಿಸುವ ವಸ್ತು ಒಂದೇ ಇತ್ತು, ಅದು ಸೀಟಿನ ಮೇಲೆ ಕೂತಿರುತ್ತಿತ್ತು. ಯೋಚಿಸದಿದ್ದರೆ ಅದೂ ಇರುತ್ತಿರಲಿಲ್ಲ.

ಹನ್ನೆರಡರಲ್ಲಿ ಏಳು ಕಾರು ಹೊರಟವು. ಧೈರ್ಯಕ್ಕಿಂತ ನಾಚಿಕೆಗೆ ಹೊರಟವೇ ಹೆಚ್ಚು. ಮೊದಲ ಸುತ್ತಿನಲ್ಲೇ ಒಂದು ಕಾರು ಬುಗುರಿಯಾಗಿ, ತಿರುವಿನಲ್ಲಿ ಜೋಡಿಸಿದ್ದ ಹುಲ್ಲಿನ ಪೆಂಡಿಗಳೊಳಗೆ ಹಿಂದುಮುಂದಾಗಿ ಹೋಗಿ ಕೂತಿತು. ಬಾಗಿಲು ತೆರೆದುಕೊಂಡು ಇಳಿದ ಮಹಾನುಭಾವ ರಸ್ತೆಯನ್ನೇ ಬೈಯುತ್ತಿದ್ದ. ಎಲ್ಲಿಂದಲೋ ಬಂದ ಹಸುವೊಂದು ಅವನ ಪಕ್ಕದಲ್ಲೇ ನಿಂತು ಪೆಂಡಿ ತಿನ್ನತೊಡಗಿತು. ಉಳಿದವರು ಬಿಸಿಲಿನಲ್ಲಿ ಓಡಿಸಿದ ಗೆರೆಯನ್ನೇ ಮಳೆಯಲ್ಲೂ ಹಿಡಿದಿದ್ದರು. ಆ ಗೆರೆಯ ಮೇಲೆ ವರ್ಷಗಳ ರಬ್ಬರು ಸವೆದು ನುಣ್ಣಗಾಗಿತ್ತು, ನೀರು ಬಿದ್ದ ಮೇಲೆ ಬೆಣ್ಣೆ. ನಮ್ಮ ಡ್ರೈವರು ಅದರ ಹೊರಗೆ, ಯಾರೂ ತುಳಿಯದ ಒರಟು ಕಾಂಕ್ರೀಟಿನ ಮೇಲೆ ಸುತ್ತುಬಳಸಿ ಹೋಗುತ್ತಿದ್ದರು. ತಿರುವು ಇನ್ನೂ ದೂರವಿರುವಾಗಲೇ ಗೇರು ಇಳಿಸಿ, ಕಾರನ್ನು ತಾನಾಗಿಯೇ ನಿಧಾನವಾಗಲು ಬಿಟ್ಟು, ಒಂದು ಸಲ ತಿರುಗಿಸಿದ ಸ್ಟೀರಿಂಗನ್ನು ಮತ್ತೆ ಕದಲಿಸದೆ, ತಿರುವು ಮುಗಿದ ಮೇಲೆ ಮೆಲ್ಲಗೆ ವೇಗ ಕೊಡುತ್ತಿದ್ದರು. ನೋಡಲು ಏನೂ ಇರಲಿಲ್ಲ. ಬೇರೆಯವರು ಚೀರಾಟ ಮಾಡಿಕೊಂಡು ಅಡ್ಡಡ್ಡ ಜಾರುತ್ತಿದ್ದರೆ ಹೆಂಗಸರು ಚಪ್ಪಾಳೆ ತಟ್ಟುತ್ತಿದ್ದರು, ಇವರು ಸಂತೆಗೆ ಹೊರಟವರ ಹಾಗೆ ಹೋಗುತ್ತಿದ್ದರು. ನನ್ನ ಕೈಯ ಗಡಿಯಾರ ಮಾತ್ರ ಬೇರೆ ಹೇಳುತ್ತಿತ್ತು. ಪ್ರತಿ ಸುತ್ತಿಗೂ ಅವರೇ ಮುಂದಾಗುತ್ತಿದ್ದರು.

ಹತ್ತು ಸುತ್ತು ಮುಗಿದಾಗ ಅವರ ಹಿಂದೆ ಮೂರು ಕಾರು ಉಳಿದಿದ್ದವು. ಶ್ರೀಮಂತರ ಮಗನ ತಲೆನೋವು ಬಿಟ್ಟಿತು. ಅವನೇ ಹೋಗಿ ಬಹುಮಾನದ ಕಪ್ಪು ತೆಗೆದುಕೊಂಡು, ಅದನ್ನು ಎತ್ತಿ ಹಿಡಿದು ಫೋಟೋಗೆ ನಿಂತ. ಡ್ರೈವರು ಮೇಜಿನ ಕೆಳಗೆ ಬಗ್ಗಿ ಚಪ್ಪಲಿ ಹುಡುಕುತ್ತಿದ್ದರು. ನಾನು ಖುಷಿಗೆ, "ಇನ್ನು ಆ ಮೆಮೋ ಬಿದ್ದುಹೋಯ್ತು ಬಿಡ್ರೀ, ಸಾಹೇಬ್ರೇ ಕಣ್ಣಾರೆ ನೋಡಿದ್ರಲ್ಲ" ಎಂದೆ. ಸಾಹೇಬರು ಪ್ರತಿ ಸುತ್ತಿನ ಹೊತ್ತನ್ನೂ ತಮ್ಮ ಸ್ವಂತ ಪುಸ್ತಕಕ್ಕೆ ಇಳಿಸಿಕೊಂಡಿದ್ದರು. ಅದನ್ನು ಮೆಚ್ಚುಗೆ ಎಂದು ನಾನು ತಿಳಿದಿದ್ದೆ. ದಡ್ಡ.

ಸೋಮವಾರ ಅವರು ಎರಡನೇ ಮೆಮೋ ಬರೆಸಿದರು. ಈ ಸಲ ಆಪಾದನೆ ನಿಧಾನದ್ದಲ್ಲ, ಬೇಕೆಂದೇ ನಿಧಾನ ಮಾಡಿದ್ದು.

"ಇವನಿಗೆ ಮಳೇಲಿ ಓಡ್ಸೋಕೆ ಬರುತ್ತೆ ಅಂತ ಪ್ರೂಫ್ ಸಿಕ್ತಲ್ಲಯ್ಯ" ಎಂದರು ಸಾಹೇಬರು. "ಬರುತ್ತೆ, ಆದ್ರೂ ಓಡ್ಸಲ್ಲ ಅಂದ್ರೆ ಏನರ್ಥ? ಡ್ಯೂಟೀಲಿ ಕಳ್ಳಾಟ."

"ಸಾರ್, ಆ ಕಾರು ಎಲ್ಲಿ, ನೀರು ತುಂಬಿದ ಫೈರ್ ಇಂಜಿನ್ ಎಲ್ಲಿ?"

"ಎರಡಕ್ಕೂ ಚಕ್ರ ಇದೆ ತಾನೆ? ಟೈಪ್ ಮಾಡು."

ಇಂಥ ತಲೆಗಳು ಕಾರ್ಖಾನೆ ಕಟ್ಟಿದ ಮೇಲೆ ಬರುತ್ತವೋ, ಇಂಥ ತಲೆಗಳಿಗೆ ಕೂರಲು ಜಾಗ ಬೇಕೆಂದೇ ಕಾರ್ಖಾನೆ ಕಟ್ಟುತ್ತಾರೋ, ನನಗೆ ಇವತ್ತಿಗೂ ತಿಳಿದಿಲ್ಲ. ಟೈಪ್ ಮಾಡಿದವನು ನಾನೇ, ಅದನ್ನೂ ಹೇಳಿಬಿಡಬೇಕು.

ವಿಚಾರಣೆ ನಡೆಸಿದವರು ಆಡಳಿತ ವಿಭಾಗದ ಒಬ್ಬ ಹಿರಿಯ ಅಧಿಕಾರಿ. ನಶ್ಯ ಏರಿಸುತ್ತಿದ್ದರು, ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಸಾಹೇಬರು ರೇಸಿನ ಸುತ್ತುಗಳ ಪಟ್ಟಿ ಓದಿದರು. ಡ್ರೈವರು ಕ್ಯಾಂಟೀನ್ ತಿರುವಿನ ಬಗ್ಗೆ, ನೀರಿನ ಜಗಳದ ಬಗ್ಗೆ ಹೇಳಿದರು. ಹಿರಿಯರಿಗೆ ಅರ್ಥವಾದಂತೆ ಕಾಣಲಿಲ್ಲ. ಕೊನೆಗೆ ವಾಡಿಕೆಯಂತೆ ನನ್ನ ಕಡೆ ತಿರುಗಿ ಕೇಳಿದರು: "ಆ ಎರಡು ನಿಮಿಷದ ಲೆಕ್ಕ ತೆಗೆದಾಗ ನೀವಿದ್ರಂತೆ. ಗಡಿಯಾರ ಸರಿಯಾಗಿತ್ತೇನ್ರೀ?"

ಹೌದು ಎಂದು ಕೂತುಬಿಡಬಹುದಾಗಿತ್ತು. ಡ್ರೈವರು ನನ್ನ ಕಡೆ ನೋಡುತ್ತಲೂ ಇರಲಿಲ್ಲ, ಮಡಿಲಲ್ಲಿ ಟೋಪಿ ಇಟ್ಟುಕೊಂಡು ಕಿಟಕಿಯಾಚೆ ನಿಂತ ತಮ್ಮ ಕೆಂಪು ಗಾಡಿ ನೋಡುತ್ತಿದ್ದರು.

"ಗಡಿಯಾರ ಸರಿಯಾಗಿತ್ತು ಸಾರ್" ಎಂದೆ. "ಟ್ಯಾಂಕು ಖಾಲಿ ಇತ್ತು."

ಹಿರಿಯರು ಕಣ್ಣು ಬಿಟ್ಟರು. ಸಾಹೇಬರು ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ನೀರು ತುಂಬಿದ್ದರೂ ಎರಡೇ ನಿಮಿಷ, ಬೇಕಾದರೆ ಬರೆದುಕೊಡುತ್ತೇನೆ ಎಂದರು. "ಬರ್ದುಕೊಡೋದು ಬೇಡ" ಎಂದರು ಹಿರಿಯರು. "ಟ್ಯಾಂಕ್ ತುಂಬ್ಸಿ. ಮಳೆ ಬಂದ ದಿನ ನೀವೇ ಗಡಿಯಾರ ಹಿಡ್ಕೊಂಡು ಡ್ರೈವರ್ ಪಕ್ಕ ಕೂತ್ಕೊಳ್ಳಿ. ಎರಡು ನಿಮಿಷದಲ್ಲೇ ಹೋಗ್ಲಿ."

ಮಳೆ ಎರಡೇ ದಿನಕ್ಕೆ ಬಂತು. ಸಾಹೇಬರು ಡ್ರೈವರ ಪಕ್ಕ, ನಾನು ಅವರ ಪಕ್ಕ, ಬಾಗಿಲಿಗೆ ಒತ್ತಿಕೊಂಡು. ಗಂಟೆ ಹೊಡೆಯಿತು. ಗಾಡಿ ಗೇಟು ಬಿಟ್ಟಿತು. ಮೊದಲ ಅರ್ಧ ದಾರಿ ನೇರ, ಸಾಹೇಬರು ಗತ್ತಿನಿಂದ ಸೆಕೆಂಡು ಎಣಿಸುತ್ತಿದ್ದರು. ಕ್ಯಾಂಟೀನಿನ ಗೋಡೆ ಎದುರಿಗೆ ಬೆಳೆಯತೊಡಗಿದಾಗ ಎಣಿಕೆ ನಿಂತಿತು.

"ಯೋವ್, ತಿರುವು ಬಂತು. ನಿಧಾನ."

"ನಿಮ್ಮ ಟೈಮಲ್ಲೇ ಹೋಗ್ತಿದೀನಿ ಸಾರ್. ನೋಡಿ ಬೇಕಾದ್ರೆ, ಇನ್ನೂ ನಾಲ್ಕು ಸೆಕೆಂಡ್ ಲೇಟೇ."

"ನಿಧಾನ ಮಾಡಯ್ಯ ಅಂದ್ರೆ."

"ಎಷ್ಟು ನಿಧಾನ ಸಾರ್?"

"ನಿಂಗೆ ಎಷ್ಟು ಬೇಕೋ ಅಷ್ಟು. ಬ್ರೇಕ್ ಹಾಕು."

"ಇಲ್ಲಿ ಬ್ರೇಕ್ ಹಾಕಿದ್ರೆ ಮಗುಚುತ್ತೆ ಸಾರ್. ಕಾಲು ಮೇಲೆತ್ಕೊಂಡು ಸುಮ್ನೆ ಕೂತಿರಿ."

ಹಾಗೆನ್ನುವ ಮೊದಲೇ ಅವರು ಗೇರು ಇಳಿಸಿ ಆಗಿತ್ತು, ಸಾಹೇಬರಿಗೆ ತಿಳಿದಿರಲಿಲ್ಲ ಅಷ್ಟೆ. ಹಿಂದೆ ಟ್ಯಾಂಕಿನಲ್ಲಿ ನೀರು ಒಂದು ಮಗ್ಗುಲಿಗೆ ಹೊರಳಿ ದಡ್ ಎಂದಿತು. ಇಡೀ ಗಾಡಿ ಒಂದು ಕ್ಷಣ ಗೋಡೆಯ ಕಡೆ ವಾಲಿ, ಯೋಚಿಸಿ, ಮತ್ತೆ ನೆಟ್ಟಗಾಯಿತು. ಸಾಹೇಬರು ನನ್ನ ತೊಡೆಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಬೆರಳಿನ ಗುರುತು ವಾರವಾದರೂ ಹೋಗಲಿಲ್ಲ. ಶೆಡ್ಡಿನ ಮುಂದೆ ಗಾಡಿ ನಿಂತಿತು. ಹಿರಿಯರು ಕೊಡೆ ಹಿಡಿದು ಅಲ್ಲೇ ಕಾಯುತ್ತಿದ್ದರು. ಎಷ್ಟಾಯಿತು ಎಂದು ಕೇಳಿದರು. ಸಾಹೇಬರು ಗಡಿಯಾರ ನಿಲ್ಲಿಸುವುದನ್ನೇ ಮರೆತಿದ್ದರು.

ಎರಡೂ ಮೆಮೋಗಳು ವಾಪಸಾದವು. ಕ್ಷಮೆ ಕೇಳುವ ಪದ್ಧತಿ ನಮ್ಮಲ್ಲಿ ಇರಲಿಲ್ಲವಾದ್ದರಿಂದ ಯಾರೂ ಕೇಳಲಿಲ್ಲ. ಮುಂದಿನ ವರ್ಷ ಸಾಹೇಬರಿಗೆ ಬಡ್ತಿ ಬಂತು. ಡ್ರೈವರು ಫೈರ್ ಇಂಜಿನ್ನಿನಲ್ಲೇ ಉಳಿದರು.

ಅದರ ಮರುವರ್ಷದ ಆಷಾಢದಲ್ಲಿ, ಜೋರು ಮಳೆಯ ಒಂದು ಬೆಳಿಗ್ಗೆ, ಬಣ್ಣದ ಶೆಡ್ಡಿನಲ್ಲಿ ವೈರು ಸುಟ್ಟು ಬೆಂಕಿ ಹತ್ತಿತು. ಒಳಗೆ ಇಬ್ಬರಿದ್ದರು. ಫೈರ್ ಇಂಜಿನ್ ಟ್ಯಾಂಕಿನ ತುಂಬ ನೀರಿನೊಂದಿಗೆ ಕ್ಯಾಂಟೀನ್ ತಿರುವು ದಾಟಿ ಶೆಡ್ಡಿಗೆ ಬಂದು ನಿಂತಿತು. ಇಬ್ಬರನ್ನೂ ಕೆಮ್ಮುತ್ತಿರುವಾಗಲೇ ಹೊರಗೆ ತಂದರು. ಎಷ್ಟು ಹೊತ್ತು ಹಿಡಿಯಿತೆಂದು ಆವತ್ತು ಯಾರೂ ಬರೆದುಕೊಳ್ಳಲಿಲ್ಲ.