ಕುಟ್ಟಾಣಿಯ ಸಪ್ಪಳ

ಚಹಾ ಕುದಿಯುತ್ತಿತ್ತು. ಒಳಕೋಣೆಯಿಂದ ಕುಟ್ಟಾಣಿಯಲ್ಲಿ ಎಲೆ-ಅಡಿಕೆ ಕುಟ್ಟುವ ಸಪ್ಪಳ ಸ್ಪಷ್ಟವಾಗಿ ಕೇಳಿಸಿತು. "ಬಂದೆ ಅವ್ವಾ" ಅಂದುಬಿಟ್ಟೆ. ಅವ್ವ ತೀರಿಕೊಂಡು ಎರಡು ತಿಂಗಳಾಗಿತ್ತು. ಅವಳ ಕುಟ್ಟಾಣಿಯೂ ಖಾನಾಪುರದ ಅಕ್ಕನ ಮನೆಯಲ್ಲಿತ್ತು.

ನಾನು ದೇವರನ್ನು ನಂಬುವವಳಲ್ಲ. ಅನಗೋಳದ ನಮ್ಮ ಓಣಿಗೆಲ್ಲ ಅದು ಗೊತ್ತು. ಅಂಥವಳು ದೆವ್ವದ ಮಾತನ್ನು ಯಾರ ಮುಂದೆ ಆಡಲಿ? ಆದರೂ ಪಕ್ಕದ ಮನೆಯ ಗಂಗಕ್ಕನ ಬಳಿಗೆ ಓಡಿದೆ. ಅವರು ಅವ್ವನ ಗೆಳತಿ, ಲಿಂಗಪೂಜೆ ಆಗದೆ ನೀರೂ ಮುಟ್ಟದವರು. ನನ್ನ ಮಾತನ್ನು ಅವರಾದರೂ ನಂಬುತ್ತಾರೆ ಅಂದುಕೊಂಡಿದ್ದೆ.

"ಇಲ್ಲ ತಂಗಿ, ಲಿಂಗೈಕ್ಯ ಆದವ್ರು ತಿರುಗಿ ಬರಂಗಿಲ್ಲ. ದೆವ್ವ-ಗಿವ್ವ ಎಲ್ಲಾ ಸುಳ್ಳು" ಎಂದರು. ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದರು. "ಆದ್ರೂ ಮತ್ತ ಸಪ್ಪಳ ಆತಂದ್ರ ನನ್ನ ಕರಿ. ನನಗೂ ಆಕಿ ಕೂಡ ಮಾತಾಡೂದೈತಿ."

ಸಪ್ಪಳ ಮತ್ತೆ ಕೇಳಿಲ್ಲ. ಆದರೆ ಗಂಗಕ್ಕ ದಿನಾ ಚಹಾದ ಹೊತ್ತಿಗೆ ಬರುತ್ತಾರೆ. ಹಾಗೆ ದಿನಾ ಜೊತೆಯಾಗುವ ಅವರ ಋಣ ದೊಡ್ಡದು. ದೆವ್ವವೇ ಇಲ್ಲ ಎನ್ನುವ ಅವರು ಅವ್ವನ ಕುರ್ಚಿಯನ್ನು ಖಾಲಿ ಬಿಟ್ಟು ನೆಲದ ಮೇಲೆ ಕೂರುತ್ತಾರೆ.