ಓಗೊಡದ ಮಗಳು

ಗೆಳೆಯರೇ, ಪುಣೆ ಹೊರಗಿನ ನದಿ ದಂಡೆಯಲ್ಲಿ ಹಾಕಿದ ಡೇರೆಯೊಳಗೆ ಇವತ್ತು ಬೆಳಿಗ್ಗೆ ಕಣ್ಣು ಬಿಟ್ಟರೆ, ಮಗ ಮಲಗಿದ್ದ, ನಾಲ್ಕು ವರ್ಷದ ಮಗಳು ಇರಲಿಲ್ಲ. ಡೇರೆಯ ಜಿಪ್ಪು ತೆರೆದಿತ್ತು, ಎದುರಿಗೇ ನದಿ. ನಮ್ಮ ಯಜಮಾನರು ಮೊಬೈಲು ಜೇಬಿನಲ್ಲಿರುವಾಗಲೇ ನೀರಿಗಿಳಿದರು. ನಾನು ಅವಳ ಹೆಸರು ಕೂಗುತ್ತ ಪಕ್ಕದ ಡೇರೆಗೆ ಓಡಿದೆ. ಅಲ್ಲಿ ಮಗಳು ಒಬ್ಬ ಮರಾಠಿ ಅಜ್ಜಿಯ ಪಕ್ಕ ಆರಾಮಾಗಿ ಕೂತು ಅವಲಕ್ಕಿ ತಿನ್ನುತ್ತಿದ್ದಳು.

“ಇಷ್ಟೊತ್ತು ಕೂಗಿದ್ದು ಕೇಳಿಸಲಿಲ್ಲೇನ?” ಎಂದೆ.

“ಕೇಳಿಸ್ತು. ಬಾಯಿ ತುಂಬ ಅವಲಕ್ಕಿ ಇತ್ತು ಮಮ್ಮಿ. ತಿನ್ನುವಾಗ ಮಾತಾಡಬಾರದು ಅಂತ ನೀನ ಹೇಳಿಯಲ್ಲ.”

ಈಗ ವಾಪಸು ಬರುತ್ತಿದ್ದೇವೆ. ಯಜಮಾನರು ಒದ್ದೆ ಪ್ಯಾಂಟಿನಲ್ಲೇ ಕಾರು ಓಡಿಸುತ್ತ, “ಮಕ್ಕಳಿಗೆ ಭಾಳ ಖುಷಿ ಆತು, ಮುಂದಿನ ತಿಂಗಳ ಮತ್ತ ಬರೋಣಲಾ?” ಎನ್ನುತ್ತಿದ್ದಾರೆ.

ನಾನಿನ್ನೂ ಉತ್ತರ ಕೊಟ್ಟಿಲ್ಲ. ಘಾಟಿನ ರಸ್ತೆ, ಸ್ಟೇರಿಂಗ್ ಅವರ ಕೈಯಲ್ಲಿದೆ. ಮನೆ ಮುಟ್ಟಲಿ.