ಮೊದಲ ಬಸ್ಸಿನ ಮೊಸರು

ಹಿರೇಕೊಟ್ನೆಕಲ್ಲಿನ ಚನ್ನಮಲ್ಲಮ್ಮ ಮೊಸರಿನ ಗಡಿಗೆ ಹೊತ್ತು ಮೊದಲ ಬಸ್ಸಿಳಿದಳೆಂದರೆ ರಾಯಚೂರಿನ ಕೋಟೆ ಓಣಿಗಳಿಗೆ ಬೆಳಗಾದಂತೆ. ಸೂರ್ಯ ತಡಮಾಡಿಯಾನು, ಆಕೆ ಮಾಡಳು. ಹೋಟೆಲಿನವರು ಇಡೀ ಗಡಿಗೆಯನ್ನೇ ಕೇಳಿದರೆ, "ಓಣ್ಯಾಗ ಕೂಸುಗೋಳು ಕಾಯಾಕತ್ತಾವ್ರೀ" ಎಂದು ಮುಂದೆ ನಡೆಯುವಳು. ಮೊಸರು ಹಾಕಿದ ಮನೆಗಳಿಂದಲೇ ಕಾಯಿಪಲ್ಲೆಯ ಸಿಪ್ಪೆ ಕಟ್ಟಿಕೊಂಡು, "ಪ್ಯಾಟಿ ಸಿಪ್ಪಿ ತಿಂದೇ ನಮ್ಮೆಮ್ಮಿ ಪ್ಯಾಟಿಗೆ ಹಾಲು ಕೊಡ್ತದ್ರೀ" ಎನ್ನುವಳು. ೧೯೮೧ರ ಬೇಸಗೆಯಲ್ಲಿ, ಇದ್ದ ಆ ಒಂದೇ ಎಮ್ಮೆ ಸತ್ತಿತು. ಮರುದಿನವೂ ಅದೇ ಬಸ್ಸು ಹತ್ತಿದವಳು, ಗಿರಾಕಿಗಳನ್ನು ಕಸಿಯುತ್ತಾಳೆಂದು ತಾನು ವರ್ಷಗಟ್ಟಲೆ ಮಾತು ಬಿಟ್ಟಿದ್ದ ನೀರಮಾನ್ವಿಯ ಮೊಸರು ಮಾರುವ ಶಿವಬಸಮ್ಮನ ಪಕ್ಕದಲ್ಲಿ ಹೋಗಿ ಕೂತಳು. "ನನ್ನ ಮನಿಗೋಳು ಮೊಸರಿಲ್ದ ಉಣಬಾರದು. ನಡಿ ಬೇ, ಬಾಗಲಾ ತೋರಸ್ತೀನಿ" ಎಂದಳು. ಅಂದು ಪ್ರತಿ ಬಾಗಿಲಲ್ಲೂ ಶಿವಬಸಮ್ಮನನ್ನು ಮುಂದೆ ಬಿಟ್ಟು, ತಾನು ಬರಿಗೈಯಲ್ಲಿ ಹಿಂದೆ ನಿಂತು ಹೇಳಿದಳು: "ಇವತ್ತಿನಿಂದ ನಿಮ್ಮ ಮೊಸರವ್ವ ಈಕೀರೀ."